ಓವನ್ನಿನ ಉಡಿ

ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸಬಾರದು ಎಂಬುದು ನನಗಿರುವ ಹಳೆಯ ಕಾಯಿಲೆ. ರಕ್ತದೊತ್ತಡ, ಮೊಣಕಾಲು ನೋವು ಇವೆಲ್ಲ ಈಚೆಗೆ ಬಂದವು. ಇದು ಮಾತ್ರ ತವರಿನಿಂದಲೇ ಜೊತೆಗೆ ಬಂದದ್ದು. ತವರೂರು ಮಳಗಿಯಲ್ಲಿ ನಮ್ಮವ್ವ ನೆರೆಮನೆಯ ಬಟ್ಟಲನ್ನು ತೊಳೆದು ಒರೆಸಿ, ಒಂದು ಉಂಡೆಯನ್ನೋ ಹಿಡಿ ಶೇಂಗಾವನ್ನೋ ಹಾಕಿಯೇ ಕೊಡುತ್ತಿದ್ದಳು. ಮನೆಯಲ್ಲಿ ಏನೂ ಇಲ್ಲದ ದಿನ ನಾಲ್ಕು ಹರಳು ಸಕ್ಕರೆ. ಸಕ್ಕರೆಯೂ ಇಲ್ಲದ ದಿನ ಬಟ್ಟಲನ್ನೇ ಕೊಡುತ್ತಿರಲಿಲ್ಲ. ಕೇಳಲು ಬಂದವರಿಗೆ ಇನ್ನೂ ತೊಳೆದಿಲ್ಲ, ನಾಳೆ ಕೊಡುತ್ತೇನೆ ಎನ್ನುತ್ತಿದ್ದಳು. ತೊಳೆದ ಬಟ್ಟಲು ಅವಳ ಬೆನ್ನ ಹಿಂದೆಯೇ ಫಳಫಳ ಹೊಳೆಯುತ್ತಿರುತ್ತಿತ್ತು. ಮದುವೆಯಾಗಿ ದಾಂಡೇಲಿಗೆ ಬಂದ ಮೇಲೆ ಇದೇ ಕಾಯಿಲೆಯ ಇನ್ನೊಬ್ಬ ರೋಗಿ ನನಗೆ ಎದುರು ಮನೆಯಲ್ಲೇ ಸಿಕ್ಕಳು. ಅವಳು ಜುಬೇದಾ, ಮೋಟಾರು ರಿಪೇರಿಯ ಇಸ್ಮಾಯಿಲ್ ಭಾಯಿಯ ಹೆಂಡತಿ. ಅವಳು ಒಂದು ಸಲ ಸ್ಟೀಲಿನ ಡಬ್ಬಿಯಲ್ಲಿ ಶಿರಖುರ್ಮಾ ಕಳಿಸಿದಳು. ನಾನು ಹೋಳಿಗೆ ಹಾಕಿ ಮರಳಿಸಿದೆ. ಅವಳು ಆ ಡಬ್ಬಿಯನ್ನು ಬರಿದಾಗಿ ಇಟ್ಟುಕೊಳ್ಳಲಾರದೆ ಮತ್ತೇನೋ ಹಾಕಿ ಕಳಿಸಿದಳು. ಮೂವತ್ತು ವರ್ಷವಾಯಿತು, ಆ ಡಬ್ಬಿ ಇನ್ನೂ ರಸ್ತೆ ದಾಟುತ್ತಲೇ ಇದೆ. ಮೊದಲು ಅದು ಯಾರದ್ದಾಗಿತ್ತು ಎಂಬುದು ಈಗ ಅವಳಿಗೂ ನೆನಪಿಲ್ಲ, ನನಗೂ ಇಲ್ಲ. ಮುಚ್ಚಳ ಮಾತ್ರ ನನ್ನದು, ಅದು ನನಗೆ ಖಾತ್ರಿ.

ಇಂಥ ಕಾಯಿಲೆಯವಳು ತನ್ನ ಅಡಿಗೆಮನೆಯಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ. ನಾನು ಆಫ್ರಿಕಾದ ಒಂದು ವಿಶ್ವವಿದ್ಯಾಲಯದ ಕೆಲಸದಲ್ಲಿ ಕೈಯಾಡಿಸಿದೆ, ಅದೇ ಆದ ಎಡವಟ್ಟು. ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೂ ಆಫ್ರಿಕಾದ ವಿಜ್ಞಾನಿಗಳಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ನಮ್ಮವರಿಂದ ಬಂದದ್ದು. ಆದ್ದರಿಂದ ಮೊದಲು ಅವರ ವಿಷಯ ಹೇಳಬೇಕು.

ನಮ್ಮವರು ಇಲ್ಲಿಯ ಕಾಗದ ಕಾರ್ಖಾನೆಯ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು. ಊರಲ್ಲಿ ಅವರಿಗೆ ಲ್ಯಾಬ್ ಮಲ್ಲಣ್ಣ ಎಂದೇ ಹೆಸರು. ಗಾಜಿನ ಸಾಮಾನು ತೊಳೆಯುವುದು, ತಿರುಳಿನ ಮಾದರಿ ತರುವುದು, ತೂಗುವುದು, ಒಣಗಿಸುವುದು ಅವರ ಕೆಲಸ. ಮದುವೆಯಾದ ಹೊಸದರಲ್ಲಿ, ದಿನವೆಲ್ಲ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು ತಿಳಿಸಿ ಹೇಳಿದ್ದರು. ಹಸಿ ತಿರುಳನ್ನು ತೂಗಿ ಓವನ್ನಿನಲ್ಲಿ ನೂರಾ ಐದು ಡಿಗ್ರಿ ಶಾಖಕ್ಕೆ ಇಡಬೇಕು. ತೆಗೆದು ತೂಗಬೇಕು. ಮತ್ತೆ ಇಡಬೇಕು, ಮತ್ತೆ ತೂಗಬೇಕು. ಹೀಗೆ ಮಾಡುತ್ತ ಹೋದರೆ ಒಂದು ಹೊತ್ತಿಗೆ ಎರಡು ಸಲದ ತೂಕವೂ ಒಂದೇ ಬರುತ್ತದೆ. ಅದಕ್ಕೆ ಅವರು ತೂಕ ನಿಲ್ಲುವುದು ಎನ್ನುತ್ತಿದ್ದರು. ನೀರೆಲ್ಲ ಹೋದ ಮೇಲೆ ಉಳಿದದ್ದೇ ಖರೆ ಸರಕು ಎಂಬುದು ಅವರ ಮಾತು. ಈ ತತ್ವವನ್ನು ಅವರು ಎಲ್ಲಕ್ಕೂ ಹಚ್ಚುತ್ತಿದ್ದರು. ಯಾರಾದರೂ ಬಹಳ ಮಾತಾಡಿ ಹೋದರೆ ಬಾಗಿಲು ಹಾಕಿಕೊಂಡು ಬಂದು, 'ಇವ್ರನ್ನ ಓವನ್ನಿನ್ಯಾಗ ಇಟ್ರ ಏನೂ ಉಳಿಯಾಂಗಿಲ್ಲ ನೋಡು' ಎನ್ನುತ್ತಿದ್ದರು. ಹಾಗೆ ಹೇಳಿಸಿಕೊಂಡವರಲ್ಲಿ ನನ್ನ ಅಣ್ಣಂದಿರು ಇಬ್ಬರೂ ಇದ್ದರು.

ತೊಳೆಯುತ್ತ, ಒರೆಸುತ್ತ ನಮ್ಮವರು ಯಂತ್ರಗಳ ಹೊಟ್ಟೆಯನ್ನೂ ತಿಳಿದುಕೊಂಡರು. ಕೆಟ್ಟ ತಕ್ಕಡಿ, ಮಂಜಾದ ಸೂಕ್ಷ್ಮದರ್ಶಕ ಏನೇ ಇದ್ದರೂ ಮಲ್ಲಣ್ಣನ ಕಡೆ ಕೊಡಿ ಎಂಬ ಮಾತಾಯಿತು. ಅವರು ನಿವೃತ್ತರಾದ ವರ್ಷ ಅವರ ಹಳೆಯ ಕೆಮಿಸ್ಟ್ ಕುಲಕರ್ಣಿ ಸಾಹೇಬರು ಪುಣೆಯಿಂದ ಫೋನ್ ಮಾಡಿದರು. ಸಾಹೇಬರು ಅಲ್ಲೊಂದು ಸಂಸ್ಥೆಯ ಜೊತೆ ಸೇರಿದ್ದರು. ಇಲ್ಲಿಯ ಕಾರ್ಖಾನೆ, ಕಾಲೇಜುಗಳು ಹೊಸದು ಕೊಂಡಾಗ ಮೂಲೆಗೆ ತಳ್ಳುವ ಲ್ಯಾಬಿನ ಸಾಮಾನುಗಳನ್ನು ಬೇಡಿ ಪಡೆದು, ಸರಿಮಾಡಿಸಿ, ಆಫ್ರಿಕಾದ ವಿಶ್ವವಿದ್ಯಾಲಯಗಳಿಗೆ ಕಳಿಸುವುದು ಆ ಸಂಸ್ಥೆಯ ಕೆಲಸ. ಅಲ್ಲಿ ಬುದ್ಧಿವಂತ ವಿಜ್ಞಾನಿಗಳಿದ್ದಾರೆ, ಓದುವ ಹುಡುಗ ಹುಡುಗಿಯರಿದ್ದಾರೆ, ಎಷ್ಟೋ ಕಡೆ ಅಳೆಯಲು ಸಾಧನವಿಲ್ಲ, ಅಷ್ಟಕ್ಕೇ ಕೆಲಸ ನಿಂತಿರುತ್ತದೆ ಎಂದು ಸಾಹೇಬರು ಹೇಳಿದರಂತೆ. ನಮ್ಮವರು ಕೂಡಲೇ ಒಪ್ಪಿದರು, ಆದರೆ ಒಂದು ಕರಾರು ಹಾಕಿದರು. ನಡೆಯದ ಯಂತ್ರ ತಮ್ಮ ಕೈಯಿಂದ ಹೋಗುವುದಿಲ್ಲ. 'ಕೆಟ್ಟಿದ್ದು ಕೊಡೂದು ದಾನ ಅಲ್ಲ ಸಾಹೇಬ್ರ. ನಮ್ಮ ಮನಿ ಕಸಾ ಅವ್ರ ಅಂಗಳದಾಗ ಚೆಲ್ಲಿದಂಗ ಅದು' ಎಂದರು. ಹಾಗಾಗಿ ಪ್ರತಿ ಯಂತ್ರದ ಜೊತೆ ಹೆಚ್ಚಿನ ಫ್ಯೂಜು, ಹೆಚ್ಚಿನ ಕಾಯಿಲು, ಬಿಚ್ಚುವುದು ಹೇಗೆ ಜೋಡಿಸುವುದು ಹೇಗೆ ಎಂದು ಅವರೇ ಬಿಡಿಸಿದ ಚಿತ್ರಗಳ ಒಂದು ನೋಟುಬುಕ್ಕು ಹೋಗುತ್ತಿತ್ತು. ಕ್ಯಾಸಲ್‌ರಾಕಿನಿಂದ ಮುಂದಕ್ಕೆ ರೈಲಿನಲ್ಲಿ ಕೂರದ ಮನುಷ್ಯ ಅವರು. ಘಟ್ಟ ಇಳಿದರೆ ತಲೆ ತಿರುಗುತ್ತದೆ ಎಂದು ಗೋವೆಯನ್ನೂ ನೋಡಲಿಲ್ಲ. ಅವರ ಕೈಕೆಲಸ ಮಾತ್ರ ಆರು ಸಲ ಸಮುದ್ರ ದಾಟಿತು. ನಮಗೆ ಮಕ್ಕಳಿಲ್ಲ. ಒಂದೊಂದು ಯಂತ್ರ ಹೊರಟಾಗಲೂ ಅವರು ಗೇಟಿನ ತನಕ ಹೋಗಿ ನಿಂತು, ಒಳಗೆ ಬಂದು, ಮಗಳನ್ನು ಗಂಡನ ಮನೆಗೆ ಕಳಿಸಿದಂತಾಯಿತು ಎನ್ನುತ್ತಿದ್ದರು. ನಾನು, ಹಾಗಾದರೆ ಬೀಗರಿಂದ ಒಂದು ಕಾಗದವನ್ನಾದರೂ ತರಿಸಿ ಎಂದು ಚಾಷ್ಟಿ ಮಾಡುತ್ತಿದ್ದೆ.

ಏಳನೆಯದು ಈ ಓವನ್ನು. ನಮ್ಮವರು ಇಡೀ ಉಮೇದಿನ ಕಾಲವನ್ನು ಯಾವ ಓವನ್ನಿನ ಮುಂದೆ ಕಳೆದಿದ್ದರೋ ಅದೇ. ಕಾರ್ಖಾನೆಯವರು ಹೊಸದು ತಂದಾಗ ಹಳೆಯದನ್ನು ದಾನಕ್ಕೆ ಬಿಟ್ಟುಕೊಟ್ಟರು. ಸಣ್ಣ ಫ್ರಿಜ್ಜಿನಷ್ಟು ದೊಡ್ಡದು, ಬೂದು ಬಣ್ಣ, ಮುಂದೆ ದಪ್ಪ ಬಾಗಿಲು, ಒಳಗೆ ಮೂರು ಜಾಳಿಗೆಯ ತಟ್ಟೆ. ನಾಲ್ಕು ಜನ ಹೊತ್ತು ತಂದು ಟೀವಿ ಇದ್ದ ಜಾಗದಲ್ಲಿ ಇಟ್ಟರು, ಟೀವಿ ನೆಲಕ್ಕಿಳಿಯಿತು. ಮಳೆಗಾಲ ಶುರುವಾಗಿತ್ತು. ದಾಂಡೇಲಿಯ ಮಳೆಯಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗುವುದಿಲ್ಲ, ಹಳಸುತ್ತದೆ. ಮನೆಯಲ್ಲೇ ಇಷ್ಟು ದೊಡ್ಡ ಒಣಗಿಸುವ ಪೆಟ್ಟಿಗೆ ಇರುವಾಗ ಒಂದು ತಟ್ಟೆ ಹಪ್ಪಳ ಇಡಲೇ ಎಂದು ನಾನು ವಿನಯದಿಂದಲೇ ಕೇಳಿದೆ. ಇದು ಅಡಿಗೆಮನೆಯ ಸಾಮಾನಲ್ಲ, ವಿಜ್ಞಾನದ ಸಾಮಾನು ಎಂದು ಅವರು ನನ್ನನ್ನು ಹೊರಗಟ್ಟಿದರು. ಮೂರನೆಯ ದಿನ ನೋಡಿದರೆ ನಡುವಿನ ತಟ್ಟೆಯ ಮೇಲೆ ಅವರ ಎರಡು ಬನಿಯನ್ನು ಮಲಗಿದ್ದವು. ಕೇಳಿದ್ದಕ್ಕೆ, ಪರೀಕ್ಷೆ ನಡೆದಿದೆ ಎಂದು ಗಂಭೀರವಾಗಿ ಹೇಳಿ ಒಂದು ಚೀಟಿ ತೋರಿಸಿದರು. ಅದರಲ್ಲಿ ಹಸಿ ಬನಿಯನ್ನಿನ ತೂಕ, ಒಣಗಿದ ಬನಿಯನ್ನಿನ ತೂಕ ಎರಡೂ ಇದ್ದವು. ನಾನು ಆ ದಿನ ಸುಮ್ಮನಾದೆ. ವಿಜ್ಞಾನದ ಎದುರು ಹಪ್ಪಳ ಎಷ್ಟು ಹೊತ್ತು ನಿಲ್ಲುತ್ತದೆ?

ಆ ಓವನ್ನಿಗೆ ಶಾಖ ಹೆಚ್ಚಾದಾಗ ತಾನೇ ಆರುವ, ಕಡಿಮೆಯಾದಾಗ ತಾನೇ ಹೊತ್ತುವ ಭಾಗ ಕೆಟ್ಟಿತ್ತು. ಅದನ್ನು ಸರಿಮಾಡಲು ಅವರಿಗೆ ಎರಡು ತಿಂಗಳು ಬೇಕಾಯಿತು. ಸರಿಯಾದ ಮೇಲೆ ಅದು ಸ್ವಲ್ಪ ಹೊತ್ತಿಗೊಮ್ಮೆ 'ಟಕ್' ಎನ್ನುತ್ತಿತ್ತು. ನಾನು ರೊಟ್ಟಿ ತಟ್ಟುವಾಗ ಟಕ್, ಫೋನಿನಲ್ಲಿ ಮಾತಾಡುವಾಗ ಟಕ್. ತಲೆ ಕೆಡುತ್ತದೆ, ಆರಿಸಿ ಎಂದರೆ ಅವರು, ಅದರ ನಾಡಿ ನೋಡುತ್ತಿದ್ದೇನೆ ಎನ್ನುತ್ತಿದ್ದರು. ಇನ್ನುಳಿದದ್ದು ಪ್ಲಗ್ಗು. ಅದು ಹೋಗಬೇಕಾದ ತಾಂಜಾನಿಯಾದ ಪ್ಲಗ್ಗಿನ ಕಡ್ಡಿಗಳು ನಮ್ಮಂತೆ ದುಂಡಗಿಲ್ಲ, ಚಪ್ಪಟೆ. ಅಂಥದ್ದು ದಾಂಡೇಲಿಯ ಅಂಗಡಿಗಳಲ್ಲಿ ಸಿಗಲಿಲ್ಲ. ದುಬೈಯಲ್ಲೂ ಅಂಥದ್ದೇ ಇರುತ್ತದೆ ಎಂದು ಇಸ್ಮಾಯಿಲ್ ಭಾಯಿ ಅಲ್ಲಿಗೆ ಹೋಗಿಬರುವ ತಮ್ಮ ಭಟ್ಕಳದ ಸಂಬಂಧಿಕರಿಗೆ ಹೇಳಿ ತರಿಸಿದರು. ಅದು ಬಂದ ದಿನ ನಮ್ಮವರು ಇರಲಿಲ್ಲ. ಹಿಂದಿನ ವಾರ ಬೆಳಿಗ್ಗೆ ಚಹಾ ಕುಡಿದು ಕಪ್ಪು ಕೆಳಗಿಟ್ಟವರು ಹಾಗೆಯೇ ಗೋಡೆಗೆ ಒರಗಿದರು. ಡಾಕ್ಟರು ಬರುವುದರೊಳಗೆ ಮುಗಿದಿತ್ತು. ಇದನ್ನು ಉದ್ದ ಮಾಡಿ ಬರೆಯಲು ನನಗೆ ಬರುವುದಿಲ್ಲ. ಹೇಳಬೇಕಾದ್ದು ಇಷ್ಟೇ: ಅವತ್ತು ಓವನ್ನು ಚಾಲೂ ಇತ್ತು, ಮಣ್ಣಿಗೆ ಬಂದ ಮಂದಿಯೆಲ್ಲ ಕೂತಿರುವಾಗ ಅದೊಂದು ಟಕ್ ಎಂದಿತು. ಆಗ ಇಸ್ಮಾಯಿಲ್ ಭಾಯಿ ಎದ್ದು ಹೋಗಿ ಸ್ವಿಚ್ಚು ತೆಗೆದರು.

ಎರಡು ತಿಂಗಳು ಆ ಬೂದು ಪೆಟ್ಟಿಗೆಯೂ ನಾನೂ ಎದುರುಬದುರು ಕೂತಿದ್ದೆವು. ಆಮೇಲೆ ಇಸ್ಮಾಯಿಲ್ ಭಾಯಿ ಬಂದು ಪ್ಲಗ್ಗು ಜೋಡಿಸಿ, ನಮ್ಮವರ ನೋಟುಬುಕ್ಕು ನೋಡಿ ನೋಡಿ ಎಲ್ಲ ತಿರುಪುಗಳನ್ನೂ ಬಿಗಿ ಮಾಡಿದರು. ಅದೇ ಹೊತ್ತಿಗೆ ಹಳಿಯಾಳದಲ್ಲಿ ನನ್ನ ನೆಗೆಣ್ಣಿಯ ಮಗಳ ಮದುವೆ ಬಂತು. ಕಳಿಸಿಕೊಡುವ ಹೊತ್ತಿನಲ್ಲಿ ಹುಡುಗಿಗೆ ಉಡಿ ತುಂಬುತ್ತಾರಲ್ಲ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣದ ಕೊಂಬು, ಒಂದು ಕುಪ್ಪಸದ ಖಣ ಸೆರಗಿಗೆ ಹಾಕಿ ತುಂಬಿದ ಮಡಿಲಿನಿಂದ ಬಾಳು ಎಂದು ಕಳಿಸುವುದು. ಆ ಮನೆತನದಲ್ಲಿ ಮೂವತ್ತು ವರ್ಷ ಮೊದಲ ಹಿಡಿ ನನ್ನದೇ. ಈ ಸಲ ಅಕ್ಕಿಯ ತಟ್ಟೆ ನನ್ನ ಎಡಗಡೆಯವಳ ಕೈಯಿಂದ ನನ್ನ ಬಲಗಡೆಯವಳ ಕೈಗೆ ಹೋಯಿತು. ನಮ್ಮಲ್ಲಿ ಅದೆಲ್ಲ ಏನಿಲ್ಲ ಎಂದು ಎಲ್ಲರೂ ಬಾಯಿತುಂಬ ಹೇಳುವವರೇ. ತಟ್ಟೆಗೆ ಮಾತ್ರ ತಾನು ಎಲ್ಲಿ ತಿರುಗಬೇಕು ಎಂಬುದು ಗೊತ್ತಿರುತ್ತದೆ. ನಾನು ಊಟದ ಎಲೆ ಹಾಕಿಸುವ ನೆಪ ಮಾಡಿ ಎದ್ದು ಬಂದೆ.

ಮುಂದಿನ ವಾರ ಓವನ್ನು ಹೊರಡುವ ದಿನ. ಕೋಗಿಲಬನದ ಬಡಿಗ ಮಾಡಿಕೊಟ್ಟ ಕಟ್ಟಿಗೆಯ ಚೌಕಟ್ಟು ಅಂಗಳದಲ್ಲಿತ್ತು. ನಮ್ಮವರ ಪದ್ಧತಿಯಂತೆ ಇಸ್ಮಾಯಿಲ್ ಭಾಯಿ ಬಾಗಿಲು ತೆಗೆದು, ಒಳಗೆ ಬ್ಯಾಟರಿ ಬಿಟ್ಟು ಮೂರೂ ತಟ್ಟೆ ನೋಡಿ, ಒಳಗೆ ಏನೂ ಇಲ್ಲ ಎಂದು ಪಟ್ಟಿಯಲ್ಲಿ ಬರೆದರು. ಆಮೇಲೆ ಹಗ್ಗ ಸಾಲದೆಂದು ತರಲು ಹೋದರು. ಮನೆಯಲ್ಲಿ ಅದು ಮತ್ತು ನಾನು ಇಬ್ಬರೇ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ನೋಡಿದೆ, ಮೂರು ತಟ್ಟೆಯೂ ಭಣಭಣ. ಇಷ್ಟು ದೂರ ಹೋಗುವುದು, ಬರಿದು ಹೊಟ್ಟೆ. ಕೈ ತಾನಾಗಿ ಅಕ್ಕಿ ಡಬ್ಬಿಗೆ ಹೋಯಿತು. ಟ್ರಂಕಿನಲ್ಲಿ ಯಾರಿಗೂ ಕೊಡಲು ಬಾರದೆ ಇಟ್ಟಿದ್ದ ಹಸಿರು ಖಣ ಹಾಸಿ, ಐದು ಹಿಡಿ ಅಕ್ಕಿ ಹಾಕಿದೆ. ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಕೊಂಬು ಎಲ್ಲ ಇಟ್ಟು ಗಂಟು ಕಟ್ಟಿ ನಡುವಿನ ತಟ್ಟೆಯ ಮೇಲೆ, ಬನಿಯನ್ನು ಮಲಗುತ್ತಿದ್ದ ಜಾಗದಲ್ಲಿ ಇಟ್ಟೆ. ಬಾಗಿಲು ಮುಚ್ಚಿದೆ. ಯಾರೂ ತಟ್ಟೆ ಆಚೆ ಒಯ್ಯಲಿಲ್ಲ. ಇಸ್ಮಾಯಿಲ್ ಭಾಯಿ ಬಂದು, ಈಗಷ್ಟೇ ನೋಡಿದ್ದೇನಲ್ಲ ಎಂದು ಬಾಗಿಲಿಗೆ ಅಡ್ಡಡ್ಡ ಟೇಪು ಸುತ್ತಿ, ಟೇಪಿನ ಮೇಲೆ ತಮ್ಮ ಸಹಿ ಹಾಕಿದರು. ಅವರ ಸಹಿ ನೋಡಿದ ಮೇಲೆ ಪುಣೆಯವರೂ ಬಾಗಿಲು ತೆಗೆಯಲಿಲ್ಲ. ಚೌಕಟ್ಟು ಬದಲಿಸಿ ಹಡಗಿಗೆ ಹಾಕಿದರು.

ಎರಡು ತಿಂಗಳಾದ ಮೇಲೆ ಕುಲಕರ್ಣಿ ಸಾಹೇಬರ ಫೋನು ಬಂತು. ಇಸ್ಮಾಯಿಲ್ ಭಾಯಿ ನಮ್ಮ ಪಡಸಾಲೆಯಲ್ಲೇ ಕೂತು ನನ್ನ ಮಿಕ್ಸರು ಬಿಚ್ಚಿದ್ದರು, ಹಾಗಾಗಿ ಅವರೇ ಎತ್ತಿದರು. ನಾನು ಚಹಾ ತರುತ್ತಿದ್ದೆ, ಸಾಹೇಬರ ದೊಡ್ಡ ದನಿ ನನಗೂ ಕೇಳುತ್ತಿತ್ತು. ಓವನ್ನು ತಾಂಜಾನಿಯಾದ ಬಂದರಿನಲ್ಲಿ ನಿಂತಿದೆ, ಅಲ್ಲಿಯ ಅಧಿಕಾರಿ ಬಾಗಿಲು ತೆಗೆಸಿದಾಗ ಒಳಗೆ ಪಟ್ಟಿಯಲ್ಲಿಲ್ಲದ ಧಾನ್ಯ ಸಿಕ್ಕಿದೆ, ಬೇರೆ ದೇಶದ ಕಾಳುಕಡಿ ಹೀಗೆ ಮುಚ್ಚಿ ತರುವುದು ಕಾಯಿದೆಗೆ ವಿರುದ್ಧ, ಸರಿಯಾದ ಕಾರಣ ಬರದಿದ್ದರೆ ಓವನ್ನನ್ನು ತಿರುಗಿ ಕಳಿಸುತ್ತಾರೆ ಅಥವಾ ನಾಶ ಮಾಡುತ್ತಾರೆ ಎಂದರು ಸಾಹೇಬರು. ತಿರುಗಿ ತರಿಸುವುದು ಸಂಸ್ಥೆಯಿಂದ ಆಗದ ಮಾತು ಎಂದೂ ಸೇರಿಸಿದರು.

ಇಸ್ಮಾಯಿಲ್ ಭಾಯಿಯ ಮುಖ ಕೆಂಪಾಯಿತು. 'ಟೇಪಿನ ಮ್ಯಾಲ ನನ್ನ ಸಹಿ ಐತಿ ಸಾಹೇಬ್ರ. ಒಳಗ ನಾನ ಬ್ಯಾಟರಿ ಬಿಟ್ಟು ನೋಡೇನಿ, ಒಂದು ಇರಿವಿ ಸುದ್ದಾ ಇದ್ದಿಲ್ಲ. ನಿಮ್ಮ ಪುಣೆದಾಗ ಯಾರೋ ಊಟದ ಡಬ್ಬಿ ಮರತಿರಬೇಕು ನೋಡ್ರಿ.'

'ಡಬ್ಬಿ ಅಲ್ಲೋ ಇಸ್ಮಾಯಿಲ್. ಹಸರ ಬಟ್ಟಿ, ಗಂಟು ಕಟ್ಟೇತಿ. ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು.'

ನಲವತ್ತು ವರ್ಷ ನಮ್ಮ ಓಣಿಯಲ್ಲಿ ಬಾಳಿದ ಮನುಷ್ಯನಿಗೆ ಆ ಗಂಟಿನ ಹೆಸರು ಯಾರೂ ಹೇಳಿಕೊಡಬೇಕಿರಲಿಲ್ಲ. ಫೋನು ಕಿವಿಗೆ ಹಿಡಿದೇ ನಿಧಾನ ನನ್ನ ಕಡೆ ತಿರುಗಿದರು. ಸಾಹೇಬರಿಗೆ, ಆಮೇಲೆ ಮಾಡುತ್ತೇನೆ ಎಂದು ಫೋನು ಇಟ್ಟರು.

'ನಾನ ಹಾಕೇನಿ ಭಾಯಿ' ಎಂದೆ. 'ಉಡಿ ತುಂಬಿದೆ.'

'ಯಾವಾಗ?'

'ನೀವು ಹಗ್ಗ ತರಾಕ ಹೋದಾಗ.'

'ಹತ್ತು ನಿಮಿಷ ಹೋಗಿದ್ನಲ್ಲ ವೈನಿ ನಾ.'

'ಉಡಿ ತುಂಬಾಕ ಎಷ್ಟೊತ್ತು ಬೇಕ್ರಿ?'

ಅವರು ಮಿಕ್ಸರಿನ ಹೊಟ್ಟೆಯನ್ನೇ ನೋಡುತ್ತ ಕೂತರು. ಸುಳ್ಳು ಹೇಳಿದ ಎಂದು ಯಾರಿಂದಲೂ ಅನ್ನಿಸಿಕೊಳ್ಳದ ಮನುಷ್ಯ. ಈಗ ಪರದೇಶದ ಅಧಿಕಾರಿಯೊಬ್ಬನ ಮೇಜಿನ ಮೇಲೆ ಅವರ ಸಹಿ ಸುಳ್ಳಾಗಿ ಕೂತಿತ್ತು. 'ನನ್ನ ಕೇಳಿದ್ರ ನಾ ಬ್ಯಾಡ ಅಂತಿದ್ದೆ' ಎಂದರು ಕೊನೆಗೆ.

'ಅದಕ್ಕ ಕೇಳಲಿಲ್ಲ.'

'ಮಲ್ಲಣ್ಣ ಇದ್ರೂ ಬ್ಯಾಡ ಅಂತಿದ್ದ.'

'ಅಂತಿದ್ರು. ಆದ್ರ ಅವರಿದ್ದಿದ್ರ ಉಡಿ ತುಂಬಾಕ ನನ್ನ ಎಲ್ಲಾರೂ ಕರೀತಿದ್ರು ಭಾಯಿ. ಹಿಂಗ ಕದ್ದು ತುಂಬೂದು ಬರ್ತಿದ್ದಿಲ್ಲ.'

ಇದನ್ನು ಹೇಳಬೇಕೆಂದು ನಾನು ಹೇಳಿದ್ದಲ್ಲ. ಚಹಾದ ಬಸಿ ಕೆಳಗಿಡುವ ಗಡಿಬಿಡಿಯಲ್ಲಿ ಬಾಯಿಂದ ಬಿತ್ತು. ಇಸ್ಮಾಯಿಲ್ ಭಾಯಿ ಚಹಾ ಎತ್ತಿಕೊಂಡು ಪೂರ್ತಿ ಕುಡಿದರು. ಆಮೇಲೆ, 'ಪೆನ್ನು ತಗೊಂಡು ಬರ್ರಿ. ನೀವು ಮಾಡಿದ್ದು ನೀವ ಬರೀರಿ' ಎಂದರು.

ನಾನು ಬರೆದೆ. ಶಾಲೆ ಬಿಟ್ಟ ಮೇಲೆ ಕಿರಾಣಿ ಪಟ್ಟಿಗಿಂತ ಉದ್ದದ್ದು ಏನನ್ನೂ ಬರೆದವಳಲ್ಲ. ಈ ಯಂತ್ರವನ್ನು ಸರಿಮಾಡಿದವರು ನನ್ನ ಗಂಡ, ಅವರ ಕೆಲಸದಲ್ಲಿ ತಪ್ಪಿಲ್ಲ, ಅವರು ತೀರಿಕೊಂಡಿದ್ದಾರೆ. ಸಹಿ ಹಾಕಿದವರದ್ದೂ ತಪ್ಪಿಲ್ಲ, ಅವರು ನೋಡಿದಾಗ ಒಳಗೆ ಏನೂ ಇರಲಿಲ್ಲ. ಆಮೇಲೆ ಅಕ್ಕಿ ಇಟ್ಟವಳು ನಾನು. ನಮ್ಮಲ್ಲಿ ಮಗಳನ್ನು ದೂರ ಕಳಿಸುವಾಗ ಬರಿದು ಮಡಿಲಿನಿಂದ ಕಳಿಸುವುದಿಲ್ಲ. ಅಕ್ಕಿಯನ್ನು ಏನು ಬೇಕಾದರೂ ಮಾಡಿ, ಯಂತ್ರವನ್ನು ಮಾತ್ರ ಅದು ಹೋಗಬೇಕಾದ ಮನೆಗೆ ಬಿಡಿ. ಇಷ್ಟು. ಸಾಹೇಬರು ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಉಡಿಗೆ ಏನು ಬರೆಯುವುದೆಂದು ಒದ್ದಾಡಿ, ದಾರಿಯ ಬುತ್ತಿ ಎಂದು ಬರೆಯಲೇ ಎಂದು ಫೋನಿನಲ್ಲಿ ಕೇಳಿದರು. ಬುತ್ತಿ ಬೇರೆ, ಉಡಿ ಬೇರೆ, ದಾರಿಯಲ್ಲಿ ಯಾರಾದರೂ ಉಡಿ ಬಿಚ್ಚಿ ತಿನ್ನುತ್ತಾರೆಯೇ ಎಂದು ನಾನು ಎರಡು ಡಿಗ್ರಿ ಪಡೆದ ಕೆಮಿಸ್ಟಿಗೆ ಪಾಠ ಮಾಡಿದೆ. ತಪ್ಪು ಮಾಡಿದವಳಿಗೆ ಅಷ್ಟು ಜೋರು ಇರಬಾರದು, ಆದರೆ ಇತ್ತು.

ಆಮೇಲೆ ಹನ್ನೆರಡು ದಿನ ಸುದ್ದಿಯಿಲ್ಲ. ನನಗೆ ಅನ್ನ ಸೇರಲಿಲ್ಲ. ಅಕ್ಕಿ ಡಬ್ಬಿ ಕಂಡರೆ ಅಪರಾಧಿಯ ಭಾವಚಿತ್ರ ಕಂಡಂತಾಗುತ್ತಿತ್ತು. ನಮ್ಮವರು ಏಳು ಯಂತ್ರ ಮುಟ್ಟಿದ್ದರು, ಆರು ನೆಟ್ಟಗೆ ಹೋಗಿ ಕೂತಿದ್ದವು. ಅವರು ಎಲ್ಲಕ್ಕಿಂತ ಹೆಚ್ಚು ಪ್ರೀತಿಯಿಂದ ಮಾಡಿದ, ಕೊನೆಯದಾಗಿ ಮಾಡಿದ ಇದೊಂದನ್ನು ನಾನು ಐದು ಹಿಡಿ ಅಕ್ಕಿ ಹಾಕಿ ಬಂದರಿನಲ್ಲಿ ಕೆಡವಿದ್ದೆ. ಅವರ ಫೋಟೋಕ್ಕೆ ವಿಭೂತಿ ಹಚ್ಚುವಾಗ ಅವರ ಕಣ್ಣು ತಪ್ಪಿಸಿ ಹಣೆಯನ್ನಷ್ಟೇ ನೋಡುತ್ತಿದ್ದೆ. ಜುಬೇದಾ ಡಬ್ಬಿಯಲ್ಲಿ ಬಿರಿಯಾನಿ ಬೇಡವೆಂದು ಗೋಧಿ ಹುಗ್ಗಿ ಮಾಡಿ ಕಳಿಸಿದಳು. ಅಕ್ಕಿ ನೋಡಿದರೆ ನಾನು ಅಳುತ್ತೇನೆಂದು ಅವಳ ಗಂಡ ಹೇಳಿದ್ದರಂತೆ.

ಹದಿಮೂರನೆಯ ದಿನ ಸುದ್ದಿ ಬಂತು. ಓವನ್ನು ಹೋಗಬೇಕಾಗಿದ್ದ ವಿಶ್ವವಿದ್ಯಾಲಯದ ಡಾಕ್ಟರ್ ಗ್ರೇಸ್ ಎಂಬ ವಿಜ್ಞಾನಿ ನನ್ನ ಪತ್ರವನ್ನು ತಮ್ಮ ಭಾಷೆಗೆ ಮಾಡಿಕೊಂಡು ದಿನಪೂರ್ತಿ ಬಸ್ಸಿನಲ್ಲಿ ಕೂತು ಬಂದರಿಗೆ ಹೋಗಿದ್ದರು. ಅಧಿಕಾರಿ ಪತ್ರವನ್ನು ಎರಡು ಸಲ ಓದಿಸಿದನಂತೆ. ಏನನ್ನೂ ಬರಿದಾಗಿ ಕಳಿಸದ ಹೆಂಗಸು ತನ್ನ ಮನೆಯಲ್ಲೂ ಇದ್ದಾಳೆ, ತನ್ನ ತಾಯಿ, ಆದರೆ ಅವಳಿಗೆ ದೇವರ ದಯದಿಂದ ಹಡಗು ಸಿಕ್ಕಿಲ್ಲ ಎಂದನಂತೆ. ಕಾಯಿದೆ ಮಾತ್ರ ಬಿಡಲಿಲ್ಲ. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕೆ, ಕೊಂಬು ಎಲ್ಲವನ್ನೂ ಅವನ ಕಣ್ಣೆದುರು ಸುಟ್ಟರು. ಖಣವನ್ನು ಜಾಡಿಸಿ, ಪಟ್ಟಿಯಲ್ಲಿ ಬಟ್ಟೆ ಒಂದು ಎಂದು ಸೇರಿಸಿ, ಓವನ್ನನ್ನು ಬಿಟ್ಟುಕೊಟ್ಟ. ಇಸ್ಮಾಯಿಲ್ ಭಾಯಿಯ ಸಹಿಯ ಮುಂದೆ, ಇವರದ್ದೇನೂ ದೋಷವಿಲ್ಲ ಎಂದು ಬರೆದ. ಆ ಕಾಗದದ ಪ್ರತಿ ಈಗ ಗ್ಯಾರೇಜಿನ ಗೋಡೆಯ ಮೇಲಿದೆ. ಬಂದ ಗಿರಾಕಿಗಳಿಗೆಲ್ಲ ಅವರು ತೋರಿಸುತ್ತಾರೆ, ದೋಷ ಯಾರದ್ದೆಂದು ಹೇಳುವುದಿಲ್ಲ. ಅಷ್ಟು ದೊಡ್ಡ ಮನಸ್ಸು.

ಒಂದು ಮಧ್ಯಾಹ್ನ ಡಾಕ್ಟರ್ ಗ್ರೇಸ್ ಇಸ್ಮಾಯಿಲ್ ಭಾಯಿಯ ಫೋನಿಗೆ ವಿಡಿಯೋ ಕರೆ ಮಾಡಿದರು. ನಡುವೆ ಕುಲಕರ್ಣಿ ಸಾಹೇಬರು ಮಾತು ತಿರುಗಿಸಲು ಕೂತರು. ನನ್ನದೇ ವಯಸ್ಸಿನವರು, ದೊಡ್ಡ ನಗೆ. ಭಟ್ಕಳದ ಪ್ಲಗ್ಗು ಗೋಡೆಯಲ್ಲಿ ಸರಿಯಾಗಿ ಕೂತಿತ್ತು. ಮುಂದಿನ ಗಾಜಿನಲ್ಲಿ ನೂರಾ ಐದು ಎಂದು ಕಾಣುತ್ತಿತ್ತು, ಅವರು ತಮ್ಮ ಬೇರೊಂದು ಥರ್ಮಾಮೀಟರ್ ಹಿಡಿದು ಅದೂ ನೂರಾ ಐದನ್ನೇ ತೋರಿಸುತ್ತಿದೆ ಎಂದರು. ಓವನ್ನಿನ ಮೇಲೆ ನನ್ನ ಹಸಿರು ಖಣ ಅಚ್ಚುಕಟ್ಟಾಗಿ ಹಾಸಿತ್ತು. ಧೂಳು ಕೂರದಂತೆ ಹೊದಿಕೆಯನ್ನೂ ಕಳಿಸಿದ್ದೀರಿ, ಎಷ್ಟು ಮುಂದಾಲೋಚನೆ ಎಂದು ಹೊಗಳಿದರು. ಪತ್ರದಲ್ಲಿ ನಾನು ಅಕ್ಕಿಯನ್ನಷ್ಟೇ ಒಪ್ಪಿಕೊಂಡಿದ್ದೆ, ಬಟ್ಟೆಯ ಮಾತು ಮರೆತಿತ್ತು. ಅದು ಕುಪ್ಪಸದ ಬಟ್ಟೆ ಎಂದು ಸಾಹೇಬರು ಹೇಳಲು ಹೊರಟರು, ನಾನು ಸುಮ್ಮನಿರಿ ಎಂದು ಕೈಸನ್ನೆ ಮಾಡಿದೆ. ಅಷ್ಟರಲ್ಲಿ ಆ ಕಡೆಯಿಂದ ಒಂದು ಸದ್ದು ಬಂತು. ಟಕ್. ಇಸ್ಮಾಯಿಲ್ ಭಾಯಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಲಿಲ್ಲ. ಆ ಸದ್ದನ್ನು ಇನ್ನೊಂದು ಸಲ ಕೇಳಬೇಕು ಎಂದೆ. ಡಾಕ್ಟರ್ ಗ್ರೇಸ್ ಯಾಕೆ ಎಂದು ಕೇಳದೆ ಫೋನನ್ನು ಓವನ್ನಿನ ಹತ್ತಿರ ಹಿಡಿದು ನಿಂತರು. ಮೂರು ಸಲ ಕೇಳಿದೆ. ನಾಡಿ ಚೆನ್ನಾಗಿತ್ತು.

ಅವರ ಕೆಲಸ ಗೋವಿನಜೋಳದ ಮೇಲಂತೆ. ಅದನ್ನು ಕೇಳಿ ನನಗೆ ನಗೆ ಬಂತು. ನಮ್ಮ ಮುಂಡಗೋಡದ ಕಡೆ ಗೋವಿನಜೋಳವಿಲ್ಲದ ಹೊಲವೇ ಕಡಿಮೆ. ನಮ್ಮಪ್ಪ ಒಂದು ಕಾಳು ಹಲ್ಲಿಗೆ ಹಾಕಿ ಕಡಿದು, ಕಟಕ್ ಎಂದರೆ ಒಣಗಿದೆ, ಚೀಲ ತುಂಬಿ ಎನ್ನುತ್ತಿದ್ದ. ಹಲ್ಲು ಬಿದ್ದ ಮೇಲೆ ಅಂದಾಜು ತಪ್ಪಿ ಒಂದು ವರ್ಷ ಅಷ್ಟೂ ಬೂಷ್ಟು ಹಿಡಿಯಿತು. ಕಾಳಿನಲ್ಲಿ ಎಷ್ಟು ನೀರು ಉಳಿದರೆ ಬೂಷ್ಟು ಹಿಡಿಯುತ್ತದೆ, ಎಷ್ಟಕ್ಕೆ ಇಳಿದರೆ ವರ್ಷವಿಡೀ ಇಡಬಹುದು ಎಂಬುದೇ ಡಾಕ್ಟರ್ ಗ್ರೇಸ್ ಮತ್ತು ಅವರ ವಿದ್ಯಾರ್ಥಿಗಳು ಹುಡುಕುತ್ತಿರುವುದು. ಓವನ್ನು ಬರುವ ಮೊದಲು ಅವರು ಮಾದರಿಗಳನ್ನು ಚೀಲಕ್ಕೆ ತುಂಬಿ ಬೇರೆ ಊರಿನ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಮಳೆಗಾಲದಲ್ಲಿ ಕಾಳು ದಾರಿಯಲ್ಲೇ ನೀರು ಕುಡಿದು, ಬಂದ ಉತ್ತರ ಸುಳ್ಳಾಗುತ್ತಿತ್ತು. ಈಗ ಬೆಳಿಗ್ಗೆ ರೈತ ತಂದುಕೊಟ್ಟ ಕಾಳಿಗೆ ಮಾರನೆಯ ದಿನ ಉತ್ತರ ಸಿಗುತ್ತದೆ. ಎರಡು ವರ್ಷದಿಂದ ಅರ್ಧಕ್ಕೆ ನಿಂತಿದ್ದ ಒಬ್ಬ ಹುಡುಗಿಯ ಪ್ರಬಂಧ ಈ ವರ್ಷ ಮುಗಿಯಿತು. ಅದರ ಮೊದಲ ಪುಟದ ಚಿತ್ರವನ್ನು ಅವಳು ಕಳಿಸಿದ್ದಾಳೆ. ತನ್ನ ಗುರುಗಳಿಗೆ, ತಾಯಿಗೆ ವಂದನೆ ಹೇಳಿದ ಮೇಲೆ, ಭಾರತದ ದಾಂಡೇಲಿಯ ಮಲ್ಲಿಕಾರ್ಜುನ ಅವರಿಗೆ, ಅವರನ್ನು ನಾನು ನೋಡಲಾಗಲಿಲ್ಲ, ಅವರು ಬಿಡಿಸಿದ ಚಿತ್ರಗಳನ್ನು ದಿನವೂ ನೋಡುತ್ತೇನೆ ಎಂದು ಬರೆದಿದ್ದಾಳೆ. ಗಾಜಿನ ಸಾಮಾನು ತೊಳೆಯಲು ಸೇರಿದವರ ಹೆಸರು ವಿಜ್ಞಾನದ ಪುಸ್ತಕದ ಮೊದಲ ಪುಟದಲ್ಲಿ ಕೂತಿದೆ. ಬೀಗರಿಂದ ಕಾಗದ ಬಂತು ಎಂದು ನಾನು ಫೋಟೋದ ಮುಂದೆ ಹೇಳಿದೆ. ಅವತ್ತು ಅವರ ಕಣ್ಣನ್ನೂ ನೋಡಿದೆ.

ಆ ಹಾಳೆಯನ್ನೂ ಖಣ ಹೊದ್ದ ಓವನ್ನಿನ ಚಿತ್ರವನ್ನೂ ದೊಡ್ಡದು ಮಾಡಿಸಿ ಟೀವಿಯ ಪಕ್ಕ ಹಾಕಿದ್ದೇನೆ. ಹಳಿಯಾಳದಿಂದ ನೆಗೆಣ್ಣಿ ಬಂದಾಗ ಅವಳ ಕಣ್ಣು ಖಣದ ಮೇಲೆ ನಿಂತಿತು. ಇಂಥ ಖಣ ಆಫ್ರಿಕಾದಲ್ಲಿ ಸಿಗುತ್ತದೆಯೇ ಎಂದಳು. ಇಲ್ಲಿಂದ ಹೋದದ್ದು, ಉಡಿ ತುಂಬಿ ಕಳಿಸಿದ್ದು ಎಂದೆ. 'ಯಾರು ತುಂಬಿದ್ರು ಅಕ್ಕಾ?' ಎಂದು ಕೇಳಿದಳು. 'ನಾನ' ಎಂದೆ. ಅವಳು ಬಹಳ ಹೊತ್ತು ಚಿತ್ರ ನೋಡಿದಳು. ಹೊರಡುವಾಗ, ಮುಂದಿನ ತಿಂಗಳು ಮಗಳು ಬಸಿರಬಯಕೆಯ ಉಡಿಗೆ ಬರುತ್ತಾಳೆ, ನೀವು ಒಂದು ದಿನ ಮುಂಚೆಯೇ ಬರಬೇಕು, ಮೊದಲ ಹಿಡಿ ನಿಮ್ಮದೇ ಎಂದು ಚಪ್ಪಲಿ ಮೆಟ್ಟುತ್ತ ಮೆಟ್ಟುತ್ತ ಹೇಳಿ ಹೋದಳು. ಮುಖ ನೋಡಿ ಹೇಳಲು ಅವಳಿಗೂ ಕಷ್ಟವಿತ್ತೇನೋ. ನನಗೆ ಅಷ್ಟು ಸಾಕು.

ಈಗ ನಮ್ಮ ಪಡಸಾಲೆಯಲ್ಲಿ ಎಂಟನೆಯದು ಕೂತಿದೆ. ಕಾಲೇಜೊಂದು ಬಿಟ್ಟುಕೊಟ್ಟ ಸೂಕ್ಷ್ಮದರ್ಶಕ. ದೀಪದ ಕೆಲಸ ಇಸ್ಮಾಯಿಲ್ ಭಾಯಿಯದು. ಮಸೂರ ಒರೆಸುವುದು, ತಿರುಪು ಹುಡುಕುವುದು, ಚಿತ್ರ ಬಿಡಿಸುವುದು ನನ್ನದು. ಇಷ್ಟು ವರ್ಷ ನಮ್ಮವರ ಪಕ್ಕ ಬ್ಯಾಟರಿ ಹಿಡಿದು ನಿಂತವಳಿಗೆ ಅಷ್ಟೂ ಬಾರದೇ? ಕಟ್ಟುವ ದಿನಕ್ಕೆ ಇಸ್ಮಾಯಿಲ್ ಭಾಯಿ ಹೊಸ ನಿಯಮ ಮಾಡಿದ್ದಾರೆ: ಹಗ್ಗ ಮೊದಲೇ ತಂದಿಟ್ಟುಕೊಳ್ಳಬೇಕು, ವೈನಿ ಐದು ಹೆಜ್ಜೆ ದೂರ ನಿಲ್ಲಬೇಕು, ಎರಡೂ ಕೈ ಕಾಣುವಂತಿರಬೇಕು. ಪಟ್ಟಿ ಮಾತ್ರ ನನ್ನ ಅಕ್ಷರದಲ್ಲಿದೆ. ನಿನ್ನೆ ಅವರು ಅದನ್ನು ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದು ಕನ್ನಡಕ ಏರಿಸಿದರು. ಧೂಳಿನ ಹೊದಿಕೆ, ಹಸಿರು, ಒಂದು.

'ಬರೇ ಬಟ್ಟಿ ಹೌದಲ್ಲ ವೈನಿ?'

'ಬರೇ ಬಟ್ಟಿ.'

ಅವರು ಖಣವನ್ನು ಬಿಡಿಸಿ ಒಂದು ಸಲ ಜಾಡಿಸಿದರು, ಎರಡು ಸಲ ಜಾಡಿಸಿದರು. ಮೂರನೆಯ ಸಲಕ್ಕೆ ಒಂದೇ ಒಂದು ಅಕ್ಕಿಕಾಳು ನೆಲಕ್ಕೆ ಬಿತ್ತು. ಇಬ್ಬರೂ ಅದನ್ನೇ ನೋಡಿದೆವು. ಇಸ್ಮಾಯಿಲ್ ಭಾಯಿ ಬಗ್ಗಿ ಎತ್ತಿ, ನನ್ನ ಅಂಗೈ ಮೇಲಿಟ್ಟು, ಪಟ್ಟಿಗೆ ಸಹಿ ಹಾಕಿದರು. ಕಾಯಿಲೆಗೆ ಗುಣ ಕಾಣುತ್ತಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ನನಗೆ ಹಾಗನ್ನಿಸುವುದಿಲ್ಲ. ಐದು ಹಿಡಿ ಇದ್ದದ್ದು ಒಂದು ಕಾಳಿಗೆ ಇಳಿದಿದೆ. ನಮ್ಮವರ ಲೆಕ್ಕದಲ್ಲಿ ಹೇಳುವುದಾದರೆ, ತೂಕ ನಿಲ್ಲುತ್ತ ಬಂದಿದೆ.